ಕುಂಕುಮ ಇಟ್ಟ ಫ್ಲಾಪಿ

ಯಾರಾದರೂ ಹಳೇ ಫ್ಲಾಪಿ ತಂದು ಮೇಜಿನ ಮೇಲಿಟ್ಟರೆ ನಾನು ಮೊದಲು ಮಾಡುವುದು ಒಂದೇ ಕೆಲಸ. ಅದರ ಅಂಚಿನಲ್ಲಿರುವ ಕಚ್ಚಿಗೆ ಕಪ್ಪು ಟೇಪು ಅಂಟಿಸುತ್ತೇನೆ. ಐದೂಕಾಲು ಇಂಚಿನ ದೊಡ್ಡ ಫ್ಲಾಪಿಯಲ್ಲಿ ಆ ಕಚ್ಚು ಮುಚ್ಚಿದ್ದರೆ ಯಾವ ಡ್ರೈವೂ ಅದರ ಮೇಲೆ ಬರೆಯಲಾರದು, ಓದಬಹುದು ಅಷ್ಟೆ. ಮೂರೂವರೆ ಇಂಚಿನದರಲ್ಲಿ ತಿರುವುಮುರುವು. ಅಲ್ಲಿ ತೂತು ತೆರೆದಿದ್ದರೆ ಭದ್ರ, ಮುಚ್ಚಿದ್ದರೆ ಅಪಾಯ. ಇವೆರಡನ್ನೂ ಮಾಡಿದವರು ಮಾತು ಬಿಟ್ಟ ದಾಯಾದಿಗಳೇ ಇರಬೇಕು ಅಂತ ನಾನು ಬೈದುಕೊಳ್ಳುವುದುಂಟು. ಒಂದು ಸಲ ಒಬ್ಬ ತಾಯಿ ತಂದದ್ದಕ್ಕೆ ಮಾತ್ರ ನಾನು ಕೂಡಲೇ ಟೇಪು ಅಂಟಿಸಲಿಲ್ಲ. ಕೈ ಬರಲಿಲ್ಲ.

ನನ್ನ ಅಂಗಡಿ ಇರುವುದು ಸೇಲಂನಲ್ಲಿ, ಒಂದು ನೂಲಿನ ಮಳಿಗೆಯ ಮಹಡಿ ಮೇಲೆ. ಈ ಕಾಲದಲ್ಲೂ ಫ್ಲಾಪಿಯೇ ಅಂತ ನಗುವವರು ನಗಲಿ. ಊರಿನ ಹಳೇ ಕಸೂತಿ ಯಂತ್ರಗಳು ಕೆಲವು ಇವತ್ತಿಗೂ ಫ್ಲಾಪಿಯಲ್ಲಿ ಡಿಸೈನ್ ಕೊಡದಿದ್ದರೆ ಮಿಸುಕುವುದಿಲ್ಲ. ಅವುಗಳ ಡ್ರೈವ್ ಕೆಟ್ಟರೆ ನನ್ನ ಹತ್ತಿರ ಬರುತ್ತವೆ. ಹಾಗಾಗಿ ನನ್ನ ಕಪಾಟಿನಲ್ಲಿ ಗುಜರಿಯವನೂ ಮುಟ್ಟದ ಡ್ರೈವುಗಳು ಸಾಲಾಗಿ ಕೂತಿವೆ. ಅವಕ್ಕೂ ನನಗೂ ಸಿಟ್ಟು ಜಾಸ್ತಿ, ಹೇಗೋ ಹೊಂದಿಕೊಂಡಿದ್ದೇವೆ.

ತಾಯಿ ಮಗ ಬಂದದ್ದು ಒಂದು ಬೆಳಗ್ಗೆ. ಮಗ ಪಾಲಕೋಡಿನ ಮಂಡಿಯಿಂದ ಟೊಮೇಟೊ ಹೇರಿಕೊಂಡು ಬರುವ ಮಿನಿ ಲಾರಿಯ ಡ್ರೈವರು. ಆವತ್ತು ಲೋಡಿನ ಜೊತೆಗೆ ತಾಯಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೊಪ್ಪೂರು ಘಾಟಿ ಇಳಿದಿದ್ದ. ಮಾರಂಡಹಳ್ಳಿ ಕಡೆಯ ಕುರಿ ಸಾಕುವ ಮನೆತನ. ಎಪ್ಪತ್ತು ದಾಟಿದ ಹೆಂಗಸು, ಮೆಟ್ಟಿಲು ಹತ್ತಿ ಬಂದರೂ ಏದುಸಿರು ಬಿಡಲಿಲ್ಲ. ಮೊದಲು ತಮಿಳಿನಲ್ಲೇ ಮಾತು ಶುರುಮಾಡಿದರು, ರಾಗ ಮಾತ್ರ ನಮ್ಮ ಕಡೆಯ ಕನ್ನಡದ್ದು. ನಾನು ಮಗನ ಕಡೆ ತಿರುಗಿ, "ಅವ್ವಂಗೆ ಕುರ್ಚಿ ಎಳ್ಕೊಡಪ್ಪಾ" ಅಂದದ್ದೇ ತಡ, ಅವರ ಮುಖ ಬಿಚ್ಚಿಕೊಂಡಿತು.

"ಅಯ್ಯೋ, ನೀನು ನಮ್ ಬಾಸೆನಾ? ಮದ್ಲೇ ಏಳ್ಬಾರ್ದಾ ಕಣವ್ವ. ತಮಿಳ್ನಾಗೆ ಇದ್ನ ಎಂಗ್ ಏಳಾದು ಅಂತ ದಾರಿಯುದ್ದಕ್ಕೂ ಒದ್ದಾಡ್ತಿದ್ದೆ."

ಹೇಳಿದರು. ಅವರಿಗೊಬ್ಬ ಮಗಳಿದ್ದಳು, ಈ ಮಗನಿಗಿಂತ ದೊಡ್ಡವಳು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಆಗ ಈ ಮಗ ಇನ್ನೂ ತೊಡೆ ಮೇಲಿದ್ದ. ಅವಳ ಶಾಲೆಗೆ ಸರ್ಕಾರದವರು ಒಂದು ಕಂಪ್ಯೂಟರ್ ಕೊಟ್ಟಿದ್ದರು. ಸಾವಿನ ಮನೆಗೆ ಬಂದ ಮೇಷ್ಟ್ರು ಒಂದು ಫ್ಲಾಪಿಯನ್ನು ತಾಯಿಯ ಕೈಗೆ ಕೊಟ್ಟು, ನಿಮ್ಮ ಮಗಳು ಇದರಲ್ಲಿ ತನ್ನ ಚಿತ್ರವನ್ನೇ ಬರೆದಿಟ್ಟಿದ್ದಾಳಮ್ಮ, ಇಟ್ಟುಕೊಳ್ಳಿ ಅಂದಿದ್ದರು.

"ಪೋಟ ಒಂದೂ ಇಲ್ಲ ಕಣವ್ವ. ಕುರಿ ಇಂದೆ ತಿರ್ಗೋರ್ಗೆ ಪೋಟ ಯಾರ್ ಇಡೀತಾರೆ? ಇದ್ನೇ ದ್ಯಾವ್ರ ಗೂಡ್ನಾಗ್ ಇಕ್ಕಂಡೆ. ವರ್ಸಾ ವರ್ಸಾ ಎಡೆ ಇಕ್ಕಿ ಕೈ ಮುಗಿದ್ವಿ."

"ಇಷ್ಟು ವರ್ಷ ಬಿಟ್ಟು ಈಗ್ಯಾಕೆ ಅವ್ವಾ?" ಅಂದೆ. ನನ್ನ ಬಾಯಿಯೇ ಹಾಗೆ, ಒರಟು.

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಮದ್ಲೆಲ್ಲಾ ಕಣ್ ಮುಚ್ಚುದ್ರೆ ಎದ್ರುಗ್ ಬತ್ತಿದ್ಲು. ಈಗ ಬತ್ತಾ ಇಲ್ಲ. ಮೂಗು ಎಂಗಿತ್ತು, ಉಬ್ಬು ಎಂಗಿತ್ತು, ಕೇಳುದ್ರೆ ಗೊತ್ತಿಲ್ಲ ನಂಗೆ. ಎತ್ತೋಳ್ಗೇ ಗೊತ್ತಿಲ್ಲ. ಒಂದ್ ಸತಿ ಮಕ ತೋರ್ಸ್‌ಬುಡವ್ವ, ಸಾಕು."

ಬಿಳೀ ಬಟ್ಟೆಯ ಗಂಟು ಬಿಚ್ಚಿದರು. ಐದೂಕಾಲು ಇಂಚಿನ ಫ್ಲಾಪಿ. ಹೆಸರಿನ ಚೀಟಿ ಇದ್ದ ಬದಿ ಅಂಗಡಿಯಿಂದ ತಂದ ಹಾಗೆ ಶುಭ್ರವಾಗಿತ್ತು. ನನಗೆ ಖುಷಿಯೇ ಆಯಿತು. ತಿರುಗಿಸಿ ನೋಡಿದೆ. ಹಿಂಬದಿ ಪೂರ್ತಿ ಅರಿಶಿನ. ಫ್ಲಾಪಿಯ ಕವಚದಲ್ಲಿ ಒಂದು ಉದ್ದನೆಯ ಕಿಂಡಿ ಇರುತ್ತದೆ, ಡ್ರೈವಿನ ಹೆಡ್ಡು ಒಳಗಿನ ತಟ್ಟೆಯನ್ನು ಮುಟ್ಟಿ ಓದುವುದು ಅಲ್ಲಿಂದಲೇ. ಆ ಕಿಂಡಿಯ ಉದ್ದಕ್ಕೂ ಕುಂಕುಮ ಪದರ ಪದರವಾಗಿ ಕೂತು ಗಟ್ಟಿಯಾಗಿತ್ತು.

"ಈ ಕಡೆಗೇ ಯಾಕವ್ವಾ ಇಟ್ರಿ?"

"ಇನ್ನೇನವ್ವ ಕೇಳ್ತೀಯ! ಪೋಟಕ್ಕೆ ಎಸ್ರು ಬರ್ಯಾದು ಇಂದ್ಗಡೆ ಅಲ್ವಾ? ಎಸ್ರಿರಾದ್ನ ಗ್ವಾಡೆ ಕಡೀಕ್ ಇಕ್ದೆ. ಈ ಕಿಟ್ಕೀನಾಗೇ ಮಕ ಇರ್ತದೆ ಅಂತ ಬೊಟ್ಟು ಅಲ್ಲೇ ಇಕ್ದೆ."

ತರ್ಕ ತಪ್ಪಿರಲಿಲ್ಲ. ಸ್ಟುಡಿಯೋದವರು ಪಟದ ಹಿಂದೆಯೇ ಹೆಸರು ಬರೆಯುತ್ತಾರೆ. ಆದರೆ ಫ್ಲಾಪಿಯ ಹಿಂಬದಿಯೇ ಅದರ ಮುಂಬದಿ ಅನ್ನುವುದು ಆ ತಾಯಿಗೆ ಯಾರು ಹೇಳಬೇಕಿತ್ತು? ಹಳೇ ಡ್ರೈವುಗಳಲ್ಲಿ ಬಹಳಷ್ಟು ಒಂದೇ ಹೆಡ್ಡಿನವು. ಆ ಒಂದು ಹೆಡ್ಡು ಕೆಳಗಿರುತ್ತದೆ, ಮೇಲಿನಿಂದ ಬರೀ ಒಂದು ಬಟ್ಟೆಯ ಒತ್ತು. ಚೀಟಿ ಮೇಲೆ ಮಾಡಿ ಫ್ಲಾಪಿ ತುರುಕಿದರೆ ಬರಹವೆಲ್ಲ ಬೀಳುವುದು ತಳದ ಬದಿಗೆ, ಅಂದರೆ ಕುಂಕುಮ ಇಟ್ಟ ಬದಿಗೆ. ಒಂದೇ ಒಂದು ಆಸೆ ಉಳಿದಿತ್ತು. ಎರಡು ಹೆಡ್ಡಿನ ಡ್ರೈವುಗಳೂ ಆಗ ಇದ್ದವು. ಆ ಕಾಲದಲ್ಲಿ ಸರ್ಕಾರ ಶಾಲೆಗಳಿಗೆ ಹಂಚಿದ್ದು ಒಂದೇ ಜಾತಿಯ ಕಂಪ್ಯೂಟರು, ಅದು ಮೇಲಿನ ಬದಿಯನ್ನು ಬೇರೆಯೇ ಡ್ರೈವ್ ಅಂತ ಎಣಿಸುತ್ತಿತ್ತು. ಶಾಲೆಯಲ್ಲಿದ್ದದ್ದು ಎರಡು ಹೆಡ್ಡಿನ ಡ್ರೈವಾಗಿದ್ದು, ಹುಡುಗಿ ಮೇಲಿನ ಬದಿಗೆ ಉಳಿಸಿದ್ದರೆ ಎಲ್ಲವೂ ಭದ್ರ.

"ನೀನೂ ಅದೇ ಶಾಲೇಲಿ ಓದಿದ್ದಾ? ಅಲ್ಲಿ ಯಾವ ಡ್ರೈವ್ ಇತ್ತು, ನೆಪ್ಪೈತಾ?" ಅಂತ ಮಗನನ್ನು ಕೇಳಿದೆ.

"ನಾನ್ ಓಗೋ ಒತ್ಗೆ ಅದ್ನ ಬೀರುನಾಗಾಕಿ ಬೀಗ ಜಡ್ದಿದ್ರು ಅಕ್ಕಾ. ಅಪ್ಪುರಂ ಗುಜ್ರಿಗೋಯ್ತು. ಮೇಷ್ಟ್ರೂ ಇಲ್ಲ ಈಗ." ಆಮೇಲೆ ತಲೆ ಕೆರೆದುಕೊಂಡು ಹೇಳಿದ: "ಇದ್ನ ಒಂದ್ ಕಂಪ್ಯೂಟರ್ ಅಂಗ್ಡೀಗೆ ತಕಂಡೋಗಿದ್ದೆ. ಕಡೆಕಾರ ಮಿಷಿನ್‌ಗೆ ಆಕ್ದ. ಡಿಸ್ಕ್ ಫಾರ್ಮೇಟ್ ಆಗಿಲ್ಲ, ಎಲ್ಲಾ ಅಳ್ಸಿ ಫಾರ್ಮೇಟ್ ಪಣ್ಣಟ್ಟುಮಾ, ಮಾಡ್ಲಾ ಅಂದ. ನಂಗ್ಯಾಕೋ ಬಯ ಆಯ್ತು, ಕಿತ್ಕಂಡ್ ಬಂದೆ."

ಅವನ ಆ ಭಯಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಒಂದು ಗುಂಡಿ ಒತ್ತಿದ್ದರೆ ಮುಗಿದಿತ್ತು. ಅಂಗಡಿಯವನದೂ ತಪ್ಪಿಲ್ಲ, ಮಾಮೂಲಿ ಪಿಸಿಗೆ ಈ ಫ್ಲಾಪಿ ಖಾಲಿಯಾಗಿಯೇ ಕಾಣುತ್ತದೆ. ಶಾಲೆಯ ಯಂತ್ರ ತಟ್ಟೆಯ ಮೇಲೆ ನಲವತ್ತು ಅಗಲ ಸುತ್ತುಗಳಲ್ಲಿ ಬರೆಯುತ್ತಿತ್ತು. ಆಮೇಲೆ ಬಂದ ಪಿಸಿ ಡ್ರೈವಿನದು ಎಂಬತ್ತು ಸಣ್ಣ ಸುತ್ತು, ಹೆಡ್ಡೂ ಅರ್ಧ ಅಗಲ. ಅಗಲ ಸಾಲಿನ ಕೂರಿಗೆಯಲ್ಲಿ ಬಿತ್ತಿದ ಹೊಲಕ್ಕೆ ಸಣ್ಣ ಸಾಲಿನ ಕುಂಟೆ ಹೊಡೆದ ಹಾಗೆ. ತಿರುಗುವ ವೇಗವೂ ಬೇರೆ. ಇವೆರಡನ್ನು ಹೇಗಾದರೂ ಸರಿದೂಗಿಸಬಹುದು. ಆದರೆ ಶಾಲೆಯ ಯಂತ್ರ ಪ್ರತಿ ಅಕ್ಷರದ ಒಂದೊಂದು ಚೂರಿಗೂ ಜೊತೆಗೊಂದು ತಾಳದ ಮಿಡಿತ ಹಾಕಿ ಬರೆಯುತ್ತಿತ್ತು. ಪಿಸಿಯ ಚಿಪ್‌ಗಳಲ್ಲಿ ಬಹುಪಾಲಿಗೆ ಆ ಹಳೇ ತಾಳ ಬರುವುದೇ ಇಲ್ಲ. ತನಗೆ ತಿಳಿಯದ್ದನ್ನೆಲ್ಲ ಖಾಲಿ ಅನ್ನುವುದು ಅದರ ಬುದ್ಧಿ, ಮನುಷ್ಯರಲ್ಲೂ ಅಂಥವರುಂಟು.

ಅದಕ್ಕೆ ನನ್ನ ಹತ್ತಿರ ಬೇರೆ ದಾರಿಯಿತ್ತು. ಅಕ್ಷರ ಏನೆಂದು ಕೇಳದೆ, ತಟ್ಟೆಯ ಮೇಲಿನ ಕಾಂತದ ಮಿಡಿತಗಳನ್ನಷ್ಟೇ ಹಾಗೆಹಾಗೇ ಎತ್ತಿಕೊಳ್ಳುವ ಒಂದು ಸಣ್ಣ ಬೋರ್ಡು. ನಲವತ್ತು ಸುತ್ತಿನ, ಎರಡು ಹೆಡ್ಡಿನ ಹಳೇ ಡ್ರೈವಿಗೆ ಅದನ್ನು ಜೋಡಿಸಿದರೆ ಎರಡೂ ಬದಿ ಓದಬಹುದು. ಆದರೆ ಈ ಸ್ಥಿತಿಯಲ್ಲಿ ಫ್ಲಾಪಿಯನ್ನು ಡ್ರೈವಿಗೆ ಹಾಕುವಂತಿರಲಿಲ್ಲ. ಕುಂಕುಮದ ಕಣ ಹೆಡ್ಡಿಗೆ ಸಿಕ್ಕಿದರೆ ಮರಳುಕಾಗದದ ಹಾಗೆ ಉಜ್ಜಿಬಿಡುತ್ತದೆ. ಮೊದಲು ತೊಳೆಯಬೇಕು, ತೊಳೆಯಲು ತಟ್ಟೆಯನ್ನು ಹೊರಗೆ ತೆಗೆಯಬೇಕು, ತೆಗೆಯಲು ಕವಚ ಕೊಯ್ಯಬೇಕು. ಅದನ್ನು ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ.

ತಾಯಿ ಫ್ಲಾಪಿಯನ್ನು ಮೇಜಿನಿಂದ ಎತ್ತಿ ಎದೆಗೆ ಒತ್ತಿಕೊಂಡರು. "ಕೊಯ್ತೀಯಾ? ನನ್ ಮಗ್ಳ ಮೈಯ್ಯಿಗೆ ಕತ್ರಿ ಆಕ್ತೀಯಾ? ಅದೂ ಬೊಟ್ಟಿಕ್ಕಿರಾದ್ನ?"

"ಅವ್ವಾ, ಬರೀ ಮೇಲಿನ ಉರೆ ಅಷ್ಟೇ."

"ಬುಡು ಬುಡು. ನಡೀಲಾ," ಅಂತ ಮಗನನ್ನು ಎಬ್ಬಿಸಿಕೊಂಡು ಇಳಿದೇ ಹೋದರು. ಮಗ ಮೆಟ್ಟಿಲಿನಿಂದ ತಿರುಗಿ ನೋಡಿ, ಏನು ಮಾಡಲಿ ಅಂತ ಕೈ ಆಡಿಸಿದ.

ನನಗೆ ಸಿಟ್ಟು ಬಂತು. ಆಮೇಲೆ ಸಿಟ್ಟು ಇಳಿದು, ಒಳಗೊಳಗೇ ಹಾಯೆನಿಸಿತು. ಯಾಕೆಂದರೆ ಅವರಿಗೆ ಹೇಳದ ಇನ್ನೊಂದು ಹೆದರಿಕೆ ನನಗಿತ್ತು. ಆ ಯಂತ್ರದಲ್ಲಿ ಮೌಸೂ ಇಲ್ಲ, ಕ್ಯಾಮೆರಾವೂ ಇಲ್ಲ. ಚಿತ್ರ ಅಂದರೆ ಒಂದೊಂದು ಗೆರೆಗೂ ಅಂಕೆ ಕೊಟ್ಟು, ಟೈಪು ಮಾಡಿ ಎಳೆಸಬೇಕು. ಒಂಬತ್ತನೇ ಕ್ಲಾಸಿನ ಹುಡುಗಿ ಹಾಗೆ ಬರೆದ ಮುಖ ಎಂಥದಿರುತ್ತದೆ? ಒಂದು ಸೊನ್ನೆ, ಎರಡು ಚುಕ್ಕಿ. ಮೂಗು ಹೇಗಿತ್ತು ಅಂತ ಕೇಳುತ್ತಿರುವ ತಾಯಿಗೆ ಅದನ್ನು ತೋರಿಸುವುದಕ್ಕಿಂತ ತೋರಿಸದಿರುವುದೇ ಲೇಸು ಅನ್ನಿಸಿತ್ತು.

ಅವರು ಮತ್ತೆ ಬಂದರು. ಕುಲದೇವರ ಮುಂದೆ ಹೂ ಕೇಳಿದ್ದರಂತೆ. "ಬಲ್ಗಡೆ ಕೊಟ್ಟ ಕಣವ್ವ. ಕುಯ್ಯಿ. ಆದ್ರೆ ತೊಳ್ಯಾದು ನಾನು. ಅವ್ಳ್ಗೆ ಕಡೇ ನೀರ್ ಉಯ್ದೋಳೂ ನಾನೇ, ಈಗ್ಲೂ ನಾನೇ."

ಇಂಥ ಕೆಲಸವನ್ನು ನಾನು ಯಾರ ಕೈಗೂ ಕೊಟ್ಟವಳಲ್ಲ. ಆವತ್ತು ಕೊಟ್ಟೆ. ಕವಚದ ಮೇಲಂಚನ್ನು ಬ್ಲೇಡಿನಿಂದ ಬಿಡಿಸಿ, ತಟ್ಟೆ ಯಾವ ಕೋನದಲ್ಲಿತ್ತು ಅಂತ ನಡುವಿನ ವೃತ್ತದ ಹತ್ತಿರ ಗುರುತು ಹಾಕಿ, ಮೆಲ್ಲಗೆ ಹೊರಗೆಳೆದೆ. ಕಂದು ಬಣ್ಣದ, ಬಾಳೆ ಎಲೆಗಿಂತ ತೆಳುವಾದ ತಟ್ಟೆ. ಟ್ರೇಗೆ ಬ್ಯಾಟರಿಗೆ ತುಂಬುವ ಶುದ್ಧ ನೀರು ಹುಯ್ದು, ಮಕ್ಕಳ ಶಾಂಪೂ ಒಂದು ಹನಿ ಬಿಟ್ಟೆ.

"ಎಂಗ್ ಉಜ್ಲಿ?"

"ಉಜ್ಜಬ್ಯಾಡಿ ಅವ್ವಾ. ಎಳೇ ಕೂಸಿನ ನೆತ್ತಿ ತೊಳ್ದಂಗೆ, ನೀರಾಡ್ಸಿ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ಎರಡು ಬೆರಳಿನಿಂದ ನೀರಾಡಿಸಿದರು. ನೀರು ಹಳದಿಯಾಯಿತು, ಆಮೇಲೆ ಕೆಂಪಗಾಯಿತು. ನೀರು ಬದಲಿಸಿದೆ. ಮತ್ತೆ ಕೆಂಪಗಾಯಿತು. ಅವರ ತುಟಿ ಅಲುಗುತ್ತಿತ್ತು, ಏನು ಹೇಳಿಕೊಳ್ಳುತ್ತಿದ್ದರೋ ನಾನು ಕೇಳಿಸಿಕೊಳ್ಳಲಿಲ್ಲ. ನೀರು ತಿಳಿಯಾದ ಮೇಲೆ ತಟ್ಟೆಯನ್ನು ತಂತಿಗೆ ನೇತುಹಾಕಿದೆ. ಕಿಟಕಿಯ ಬೆಳಕು ಅದರ ಮೇಲೆ ಬಿತ್ತು. ತಳದ ಬದಿಯಲ್ಲಿ ಕಿಂಡಿಗೆ ಸಿಕ್ಕ ಜಾಗದಲ್ಲಿ ಕಂದು ಲೇಪವೇ ಎದ್ದುಹೋಗಿತ್ತು. ಸುಣ್ಣ ಅರಿಶಿನ ಬೆರೆತ ಆ ಕುಂಕುಮ ವರ್ಷಗಟ್ಟಲೆ ಕೂತು ತಿಂದಿತ್ತು. ನಾನು ತಟ್ಟೆಯನ್ನು ಆ ಕಡೆಗೆ ತಿರುಗಿಸಿಬಿಟ್ಟೆ, ಅವರು ನೋಡದಿರಲಿ ಅಂತ. ಒಣಗಲು ಹೊತ್ತು ಬೇಕು, ನಾಳಿದ್ದು ಲೋಡಿಗೆ ಬಂದಾಗ ಬನ್ನಿ ಅಂತ ಕಳಿಸಿದೆ.

ಒಣಗಿದ ತಟ್ಟೆಯನ್ನು ಬೇರೆ ಖಾಲಿ ಫ್ಲಾಪಿಯ ಕವಚಕ್ಕೆ ತೂರಿಸಿ, ಕಚ್ಚಿಗೆ ಟೇಪು ಅಂಟಿಸಿ, ಡ್ರೈವಿಗೆ ಹಾಕಿದೆ. ಮೊದಲು ಓದಿಸಿದ್ದು ಮೇಲಿನ ಬದಿಯನ್ನು. ದೇವರನ್ನು ಕರೆಯುವ ಅಭ್ಯಾಸ ನನಗಿಲ್ಲ, ಆವತ್ತು ಕರೆದೆ. ಸುತ್ತಿನ ಮೇಲೆ ಸುತ್ತು ಹೆಡ್ಡು ಸರಿಯಿತು. ಪರದೆಯ ಮೇಲೆ ಬರೀ ಬೂದಿ ಬಣ್ಣದ ಗದ್ದಲ. ಆ ಬದಿಯಲ್ಲಿ ಯಾರೂ ಯಾವತ್ತೂ ಏನನ್ನೂ ಬರೆದಿರಲಿಲ್ಲ. ಅಷ್ಟು ವರ್ಷ ಗೋಡೆಗೆ ಮುಖ ಮಾಡಿ ಜೋಪಾನವಾಗಿ ಉಳಿದದ್ದು ಬರೀ ಖಾಲಿ.

ತಳದ ಬದಿ ಹಾಕಿದೆ. ಇಲ್ಲಿ ಮಿಡಿತ ಬಂತು, ಸ್ಪಷ್ಟವಾದ ಹಳೇ ತಾಳ. ಹೆಸರುಗಳ ಪಟ್ಟಿ ಓದಿಕೊಂಡಿತು. ಮೇಷ್ಟ್ರ ಪಾಠದ ಫೈಲುಗಳ ನಡುವೆ ಒಂದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ‘ನಾನು’ ಅಂತ ಹೆಸರಿತ್ತು.

ತಮಿಳು ಶಾಲೆ, ಇಂಗ್ಲಿಷ್ ಯಂತ್ರ, ಆದರೂ ಆ ಹುಡುಗಿ ತನ್ನ ಫೈಲಿಗೆ ಕನ್ನಡದ ಹೆಸರಿಟ್ಟಿದ್ದಳು. ನಮ್ಮ ಕಡೆ ಕನ್ನಡ ಅಂದರೆ ಅಡಿಗೆಮನೆಯಲ್ಲಿ, ಕುರಿ ಹಟ್ಟಿಯಲ್ಲಿ ಆಡುವ ಮಾತು, ಬರೆಯುವುದಲ್ಲ. ನಾನೇ ಕನ್ನಡದ ಅಕ್ಷರ ಕಲಿತದ್ದು ಮದುವೆಯಾದ ಮೇಲೆ. ಫೈಲು ತೆರೆದೆ. ಗೆರೆ ಎಳೆಯುವ ಆಜ್ಞೆಗಳ ಸಾಲು, ನಡುನಡುವೆ ‘ರೆಮ್’ ಅಂತ ಶುರುವಾಗುವ ಸಾಲುಗಳು. ಅಂಥ ಸಾಲನ್ನು ಕಂಪ್ಯೂಟರು ಓದದೆ ದಾಟುತ್ತದೆ, ಬರೆದವರು ತಮ್ಮ ನೆನಪಿಗೆ ಇಟ್ಟುಕೊಳ್ಳುವ ಗುರುತು ಅದು. ರೆಮ್ ಪಾವಡೆ. ರೆಮ್ ಕಾಲು. ರೆಮ್ ಗೆಜ್ಜೆ ಒಂದೇ. ರೆಮ್ ಕೈ. ರೆಮ್ ಮಕ.

ಅಲ್ಲಿಗೆ ನಿಂತಿತು. ಮಕ ಅನ್ನುವ ಸಾಲಿನ ನಂತರ ಕಸ. ಒಂದೊಂದು ಸುತ್ತನ್ನೂ ಹತ್ತು ತುಂಡು ಮಾಡಿ ಬರೆದಿರುತ್ತದೆ. ಪ್ರತಿ ಸುತ್ತಿನಲ್ಲೂ ಕಿಂಡಿಯ ಕೆಳಗಿದ್ದ ತುಂಡುಗಳು ಹೋಗಿದ್ದವು, ಈ ಫೈಲಿನಲ್ಲಿ ಹೋದದ್ದು ಮುಖ. ಅದಾದ ಮೇಲೆ ಮತ್ತೆ ಶುರು: ರೆಮ್ ಜಡೆ. ರೆಮ್ ಕುರಿ.

ಸೋಲೊಪ್ಪಲಿಲ್ಲ ನಾನು. ಹೆಡ್ಡಿನ ಒತ್ತಡ ಹೆಚ್ಚುಕಡಿಮೆ ಮಾಡಿದೆ, ಜಾಗ ಕೂದಲೆಳೆಯಷ್ಟು ಆಚೀಚೆ ಸರಿಸಿದೆ, ಬೇರೆ ಡ್ರೈವ್ ಹಾಕಿದೆ, ಓದಿದ್ದನ್ನೆಲ್ಲ ಒಂದರ ಮೇಲೊಂದು ಹೊಂದಿಸಿ ನೋಡಿದೆ. ಬರಹ ಮಸುಕಾಗಿದ್ದರೆ ಬರುತ್ತಿತ್ತು. ಮಣ್ಣೇ ಕೊಚ್ಚಿಹೋದ ಹೊಲದಲ್ಲಿ ಸಾಲು ಎಲ್ಲಿ ಹುಡುಕುವುದು? ಕುರ್ಚಿಯಲ್ಲಿ ಕೂತು ಅತ್ತೆ. ಗಿರಾಕಿಯ ಕೆಲಸಕ್ಕೆ ನಾನು ಅತ್ತದ್ದು ಅದೊಂದೇ ಸಲ.

ಅವರು ಬಂದಾಗ, ಹಳೇ ಯಂತ್ರದ ಹಾಗೆ ನಟಿಸುವ ಸಾಫ್ಟ್‌ವೇರಿನಲ್ಲಿ ಉಳಿದ ಸಾಲುಗಳನ್ನು ಓಡಿಸಿದೆ. ಮೊದಲೇ ಹೇಳಿದ್ದೆ: "ಅವ್ವಾ, ಎಲ್ಲಾ ಬಂದಿಲ್ಲ. ಮಕ ಓಗೈತೆ." ಅವರು ತಲೆಯಾಡಿಸಿದರು, ಅರ್ಥವಾಗಿರಲಿಲ್ಲ. ಕಪ್ಪು ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಮೂಡಿದವು. ಹಳದಿ ಲಂಗ, ಅದೇ ಪಾವಡೆ. ಎರಡು ಕಾಲು. ಒಂದು ಕಾಲಿಗೆ ಬಿಳಿ ಚುಕ್ಕಿಗಳು. ಚಾಚಿದ ಕೈ. ಆಮೇಲೆ ಮೇಲೆ, ಏನೂ ಇಲ್ಲದ ಕತ್ತಲೆಯ ಎರಡು ಪಕ್ಕದಲ್ಲಿ ಎರಡು ಜಡೆ ಇಳಿದವು. ಕೊನೆಗೆ ಕಾಲ ಬಳಿ ಒಂದು ಕುರಿಮರಿ.

ತಾಯಿ ಕಾದರು. ಇನ್ನೂ ಮೂಡುತ್ತದೆ ಅಂತ ಕಾದರು. "ಮಕ ಯಾವಾಗ್ ಬತ್ತದೆ?"

"ಬರಾಕಿಲ್ಲ ಅವ್ವಾ."

ಮಗ ಗೋಡೆ ಕಡೆ ತಿರುಗಿಕೊಂಡ. ತಾಯಿ ಪರದೆಯ ಹತ್ತಿರ ಬಾಗಿ, ಆ ಬಿಳಿ ಚುಕ್ಕಿಗಳ ಮೇಲೆ ಬೆರಳಿಟ್ಟರು. "ಒಂದೇ ಕಾಲ್ಗೈತೆ ಗೆಜ್ಜೆ," ಅಂದರು. ಅವರ ದನಿ ಬೇರೆಯಾಗಿತ್ತು. "ಇವ್ಳೇ. ಇವ್ಳೇ ನನ್ ಮಗ್ಳು. ಕುರೀಗ್ ನೀರ್ ಕುಡ್ಸಾಕ್ ಓಗಿ ಕೆರೇನಾಗ್ ಒಂದ್ನ ಕಳ್ಕಂಡ್ ಬಂದ್ಲು. ಒಡ್ದೆ ಕಣವ್ವ. ಕುರಿ ಕೋಲ್ನಾಗೇ ಒಡ್ದೆ. ಇನ್ನೊಂದ್ನ ಬಿಚ್ಚಿಕ್ಕು ಅಂದ್ರೆ ಬಿಚ್ನಿಲ್ಲ, ಒಂದ್ರಾಗೇ ತಿರ್ಗಿದ್ಲು. ಅದ್ನೂ ಬರ್ದವ್ಳೆ ನೋಡು." ಆಮೇಲೆ ಅವರು ಅತ್ತರು. ಸಾವಿನ ಮನೆಯಲ್ಲಿ ಅಳುವ ಹಾಗೆ ರಾಗ ಎಳೆದು ಅಲ್ಲ, ಬಾಯಿ ಮುಚ್ಚಿಕೊಂಡು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಮಕ ಯಾಕೋಯ್ತು?"

"ಹಳೇದಲ್ವಾ ಅವ್ವಾ. ಎಲ್ಲಾ ಹಳೇ ಫ್ಲಾಪಿನೂ ಇಂಗೇ ಆಯ್ತವೆ."

ಅವರು ಮೇಜಿನ ಮೇಲಿದ್ದ ಹಳೇ ಕವಚವನ್ನು ಎತ್ತಿ, ಚೀಟಿ ಇದ್ದ ಬದಿ ನೋಡಿದರು, ತಿರುಗಿಸಿ ಈ ಬದಿ ನೋಡಿದರು. "ಆ ಕಡೇನೂ ಅಷ್ಟೇ ಅಳೇದಲ್ವಾ? ಅದು ಚೆಂದಾಗೈತಲ್ಲ."

 ನಾನು ಕವಚವನ್ನು ಅವರ ಕೈಯಿಂದ ತೆಗೆದುಕೊಳ್ಳಲು ಹೋದೆ, ಅವರು ಬಿಡಲಿಲ್ಲ.

"ನಾನೇ ಅಳಿಸ್‌ಬುಟ್ನಾ?" ಅಂದರು.

ಮಗ ಮುಂದೆ ಬಂದು ಅವಸರವಾಗಿ ಹೇಳಿದ: "ಅವ್ವಾ ಸುಮ್ಕಿರು. ಅಕ್ಕಾ, ಈಗ ಎಐ ಐತಲ್ಲಾ, ನನ್ ಮಕ, ಅವ್ವನ್ ಮಕ ಎರ್ಡೂ ಕೊಟ್ರೆ ನಮ್ ಅಕ್ಕನ್ ಮಕ ಮಾಡ್ಕೊಡ್ತದೆ. ಅಲ್ಲಿಗಾಕ್‌ಬುಡಾಣ."

"ಬ್ಯಾಡ," ಅಂದರು ತಾಯಿ. "ಯಾರ್ದೋ ಮಕ ತಂದು ನನ್ ಮಗ್ಳ ಕತ್ನ್ ಮ್ಯಾಲ್ ಇಕ್‌ಬ್ಯಾಡ್ರಿ. ಇದ್ದಂಗೆ ಕೊಡವ್ವ."

ಇದ್ದ ಹಾಗೆ ಅಚ್ಚು ಹಾಕಿಕೊಟ್ಟೆ. ಹೋದ ಜಾಗದಲ್ಲಿ ಇದ್ದಿರಬಹುದಾದದ್ದು ಒಂದು ಸೊನ್ನೆ, ಎರಡು ಚುಕ್ಕಿ ಅಷ್ಟೇ ಅಂತ ಹೇಳಬೇಕು ಅನ್ನಿಸಿತು. ಹೇಳಿದರೆ ಸಮಾಧಾನ ಆಗುತ್ತದೋ, ಇದ್ದ ಕೊನೆಯ ಆಸೆಯೂ ಹೋಗುತ್ತದೋ ತಿಳಿಯಲಿಲ್ಲ. ಹೇಳಲಿಲ್ಲ. ಅವರು ಕಾಗದವನ್ನು ಮಡಿಸದೆ, ಎರಡು ಕೈಯಲ್ಲೂ ಹಿಡಿದುಕೊಂಡು ಮೆಟ್ಟಿಲಿಳಿದರು.

ಮೊನ್ನೆ ಮಗನ ನಂಬರಿನಿಂದ ಫೋನು ಬಂತು. ಮಾತಾಡಿದ್ದು ತಾಯಿ. ಮಳೆ, ಟೊಮೇಟೊ ರೇಟು, ನನ್ನ ಮಂಡಿನೋವು ಎಲ್ಲ ವಿಚಾರಿಸಿದರು. ಕೊನೆಗೆ ನಾನೇ ಕೇಳಿದೆ: "ಮಕ ನೆಪ್ಪಿಗ್ ಬಂತಾ ಅವ್ವಾ?"

"ಇಲ್ಲ ಕಣವ್ವ. ಆದ್ರೆ ಕನಸ್ನಾಗ್ ಬತ್ತಾವ್ಳೆ ಈಗ. ಬಾಗ್ಲ ತಾವ ಬಂದ್ ನಿಂತ್ಕಂತಾಳೆ. ಒಂದ್ ಕಾಲು ಗಲ್ ಅಂತೈತೆ, ಇನ್ನೊಂದ್ ಅನ್ನಾಕಿಲ್ಲ. ನಾನ್ ಬಗ್ಗಿ ಕಾಲ್ನೇ ನೋಡ್ತಿರ್ತೀನಿ."

"ತಲೆ ಎತ್ತಿ ನೋಡಿ ಅವ್ವಾ."

 ಅವರ ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

"ಎತ್ತಾಕ್ ಬಯ ಕಣವ್ವ," ಅಂದರು. "ಅಲ್ಲೂ ಏನೂ ಇಲ್ದೇ ಇದ್ರೆ?"